ಬಂಡೆಯ ಬಳಿಯ ಸೇತುವೆ

“ಗುರುಗಳೇ, ಗುಡ್ಡದಾಚೆಯ ಗಿರಿಜನರ ಹಾಡಿಯಲ್ಲಿ ಶಾಲೆ ಕಟ್ಟಿಸಲು ಹೊರಟಿದ್ದೇನೆ. ಮನಸ್ಸಿದೆ, ಬೇಕಾದದ್ದನ್ನೆಲ್ಲ ಓದಿಕೊಂಡಿದ್ದೇನೆ. ಇನ್ನೇನು ಬೇಕು?” ಎಂದು ಶಿಷ್ಯ ಮಾದೇವಸ್ವಾಮಿ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬ್ರಿಟಿಷರ ಸಾಮ್ರಾಜ್ಯ ಕರಗುತ್ತಿದ್ದ ಕಾಲ. ನಮ್ಮ ದೇಶ ಆಗಲೇ ಸ್ವತಂತ್ರವಾಗಿತ್ತು. ಆಫ್ರಿಕದ ಹಲವು ವಸಾಹತುಗಳು ಇನ್ನೂ ಅವರ ಕೈಯಲ್ಲಿದ್ದವು. ಲಂಡನ್ನಿನ ಸಂಸತ್ತಿನಲ್ಲಿ ಒಬ್ಬ ಸದಸ್ಯನಿದ್ದ. ಒಳ್ಳೆಯವನು. ಅಂಥದೊಂದು ವಸಾಹತಿನ ಹೊಳೆಗೆ ಸೇತುವೆ ಬೇಕೆಂದು ಆರು ವರ್ಷ ಬಿಡದೆ ಮಾತಾಡಿದ. ಮಳೆಗಾಲದಲ್ಲಿ ಆಚೆ ದಡದ ರೋಗಿಗಳು ಆಸ್ಪತ್ರೆ ಮುಟ್ಟುವುದಿಲ್ಲ ಎಂಬುದು ಅವನ ಸಂಕಟ. ಮಂತ್ರಿಗಳಿಗೆ ಸಾಕುಸಾಕಾಗಿ ಸೇತುವೆ ಮಂಜೂರಾಯಿತು. ಅಡಿಗಲ್ಲು ಇಡಲು ಅವನನ್ನೇ ಕರೆದರು.

ಸಮಾರಂಭ ಹೊಳೆಯ ಆಚೆ ದಡದಲ್ಲಿ. ಅವನು ದುಭಾಷಿಯೊಬ್ಬನ ಜೊತೆ ಬಾಡಿಗೆ ದೋಣಿ ಹತ್ತಿದ. ಹುಟ್ಟು ಹಾಕುವವಳು ಅಬ್ರಾಫಿ ಎಂಬ ಹೆಂಗಸು. ದೋಣಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಸುಮ್ಮನೆ ಕೂತವರನ್ನು ಅವಳು ಸಹಿಸುತ್ತಿರಲಿಲ್ಲ; ನೀರು ಮೊಗೆದು ಚೆಲ್ಲಲು ಹೇಳಿದಳು. ಕೈಗೆ ಬೇರೇನೂ ಸಿಗದೆ ಅವನು ತನ್ನ ಹೊಸ ಹ್ಯಾಟಿನಲ್ಲೇ ಮೊಗೆಯತೊಡಗಿದ. ಅವಳು ಬಿದ್ದುಬಿದ್ದು ನಕ್ಕಳು. ಅವನೂ ನಕ್ಕ.

ಸೇತುವೆ ಬರುವುದು ಅವಳಿಗೆ ಸಂತೋಷವೇ ಎಂದು ಕೇಳಿದ. ಸಂತೋಷವೇ, ಆದರೆ ಅದು ಎರಡು ಮಳೆಗಾಲ ಬಾಳುವುದಿಲ್ಲ ಎಂದಳು. ಹೊಳೆ ಆ ದಡವನ್ನು ವರ್ಷವರ್ಷವೂ ಕೊರೆಯುತ್ತದೆ. ಅವಳ ಗುಡಿಸಲನ್ನೇ ಮೂರು ಸಲ ಹಿಂದಕ್ಕೆ ಸರಿಸಿದ್ದಾಳೆ. ಒಂದು ಮೈಲಿ ಮೇಲಕ್ಕೆ ಬಂಡೆಯಿದೆ, ಕಟ್ಟುವುದಾದರೆ ಅಲ್ಲಿ ಕಟ್ಟಬೇಕು.

“ಇದನ್ನು ಯಾರಿಗೂ ಹೇಳಲಿಲ್ಲವೇ?”

“ಅಳೆಯುವವರು ಬೇಸಿಗೆಯಲ್ಲಿ ಬಂದರು, ಅಳೆದರು, ಹೋದರು. ನೀವೂ ಈಗ ತಾನೇ ಕೇಳಿದ್ದು.”

ಅವನ ಕಿವಿ ಬಿಸಿಯಾಯಿತು. ಎದುರಿನ ದಡದಲ್ಲಿ ಬ್ಯಾಂಡು ಬಾರಿಸುತ್ತಿತ್ತು, ಅಧಿಕಾರಿಗಳು ಸಾಲಾಗಿ ನಿಂತಿದ್ದರು, ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಯಾಗಿತ್ತು. ಅವನು ದೋಣಿಯನ್ನು ಬಂಡೆಯ ಕಡೆ ತಿರುಗಿಸಲು ಹೇಳಿದ. ಕಣ್ಣಾರೆ ನೋಡಿದ. ಆಮೇಲೆ ಸಮಾರಂಭಕ್ಕೆ ಬಂದು, ತಪ್ಪು ತನ್ನದೆಂದೂ ಇಂದು ಕಲ್ಲು ಇಡುವುದಿಲ್ಲವೆಂದೂ ಹೇಳಿ, ಅಬ್ರಾಫಿಯನ್ನು ಮುಂದೆ ಕರೆದು ಮಾತಾಡಿಸಿದ.

ಲಂಡನ್ನಿನಲ್ಲಿ ಅವನನ್ನು ಆಡಿಕೊಂಡರು. ಕಾಡಿ ಪಡೆದದ್ದನ್ನು ತಾನೇ ನಿಲ್ಲಿಸಿದನಲ್ಲ ಎಂದರು. ಅವನು ಬೇಸರಿಸದೆ ಮತ್ತೆ ಎರಡು ವರ್ಷ ಮಾತಾಡಿದ. ಈ ಸಲ ಅಬ್ರಾಫಿ ಹೇಳಿದ್ದನ್ನೇ ಹೇಳಿದ. ಸೇತುವೆ ಬಂಡೆಯ ಬಳಿ ಎದ್ದಿತು. ಮುಂದಿನ ಮಳೆಗೆ ಹಳೆಯ ಜಾಗ ಹೊಳೆಯ ಪಾಲಾಯಿತು. ಸೇತುವೆಯ ಮೇಲೆ ರೋಗಿಗಳ ಗಾಡಿ ನಿಲ್ಲದೆ ಓಡಾಡಿತು. ಅಬ್ರಾಫಿ ದೋಣಿ ಮಾರಿ, ಸೇತುವೆಯ ಪಕ್ಕದಲ್ಲಿ ಹುರಿದ ಮೀನಿನ ಅಂಗಡಿ ಇಟ್ಟಳು. ದೋಣಿಗಿಂತ ಇಲ್ಲೇ ಗಿರಾಕಿಗಳು ಹೆಚ್ಚೆಂದು ಹಿಗ್ಗಿದಳು.

ಮಾದೇವಸ್ವಾಮಿಗೆ ಕತೆ ಬಹಳ ಹಿಡಿಸಿತು. ನಗುತ್ತಲೇ ಎದ್ದು ಚೀಲವನ್ನು ಹೆಗಲಿಗೇರಿಸಿದ.

“ಆ ಹಾಡಿಯಲ್ಲಿರುವ ಯಾರಾದರೊಬ್ಬರ ಹೆಸರು ಹೇಳು, ನೋಡೋಣ” ಎಂದರು ಗುರುಗಳು.

ಮಾದೇವಸ್ವಾಮಿ ಹೆಗಲಿನ ಚೀಲವನ್ನು ಕೆಳಗಿಳಿಸಿ, “ಒಬ್ಬರ ಹೆಸರೂ ಗೊತ್ತಿಲ್ಲ, ಗುರುಗಳೇ” ಎಂದ.