ಸಿದ್ದವ್ವನಿಗಿದ್ದ ಒಂದು ಮಾತು

ಹೊಳೆದಂಡೆಯ ಆಶ್ರಮಕ್ಕೆ ತಂಗೆವ್ವ ತನ್ನ ಮಗಳನ್ನು ಕರೆತಂದಳು.

ಸಿದ್ದವ್ವ ಬೆಳೆದ ಹೆಣ್ಣು. ಹುಟ್ಟಿನಿಂದ ಸ್ವಲೀನತೆ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡುತ್ತಿದ್ದಳು. ಅವಳಿಗಿದ್ದದ್ದು ಒಂದೇ ಮಾತು: "ಅವ್ವಾ."

ಗುರುಗಳು ಮೂವರು ಶಿಷ್ಯರನ್ನು ಕರೆದರು. ರೇವಣ್ಣ ವೈದ್ಯ. ಭಾಗೀರಥಿ ಮಾತು ಕಲಿಸುವವಳು. ಗುರುಲಿಂಗ ಮೈ ಪಳಗಿಸುವವನು.

"ಮೂವರೂ ಸೇರಿ ನೋಡಿಕೊಳ್ಳಿ," ಎಂದರು.

ಅವರು ಸೇರಲಿಲ್ಲ. ಹಗಲನ್ನು ಹಂಚಿಕೊಂಡರು.

ಬೆಳಿಗ್ಗೆ ರೇವಣ್ಣ ಕಷಾಯ ಕುಡಿಸಿ, ಅಲುಗಾಡದೆ ಮಲಗು ಎಂದ. ಮಧ್ಯಾಹ್ನ ಭಾಗೀರಥಿ, ನನ್ನ ಕಣ್ಣು ನೋಡಿ ಮಾತಾಡು ಎಂದಳು. ಸಂಜೆ ಗುರುಲಿಂಗ, ಕಿವಿಯಿಂದ ಕೈ ತೆಗೆ, ಓಡು ಎಂದ.

ಸಿದ್ದವ್ವ ನಡುಗತೊಡಗಿದಳು. ಕೈ ಕಚ್ಚಿಕೊಂಡಳು. ಊಟ ಬಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಒಂದು ಮಾತೂ ಹೋಯಿತು.

ತಂಗೆವ್ವ ಯಾರನ್ನೂ ಬೈಯಲಿಲ್ಲ. ಮಗಳ ಕೈ ಹಿಡಿದು ಹೊಳೆ ದಾಟಿ ಹೊರಟುಹೋದಳು.

ರೇವಣ್ಣನಿಗೆ ಅನ್ನ ಸೇರಲಿಲ್ಲ. ಗುರುಗಳ ಮುಂದೆ ಬಂದು ಕುಳಿತ.

"ನನ್ನ ವಿದ್ಯೆಯಲ್ಲಿ ತಪ್ಪಿರಲಿಲ್ಲ, ಗುರುಗಳೇ."

"ಇರಲಿಕ್ಕಿಲ್ಲ. ಮಧ್ಯಾಹ್ನ ಭಾಗೀರಥಿ ಏನು ಕಲಿಸುತ್ತಿದ್ದಳು?"

ರೇವಣ್ಣನಿಗೆ ಗೊತ್ತಿರಲಿಲ್ಲ.

"ಸಂಜೆ ಗುರುಲಿಂಗ?"

ಅದೂ ಗೊತ್ತಿರಲಿಲ್ಲ.

"ಹಾಗಾದರೆ ನೀವು ಮೂವರು ಮಾಡಿದ್ದೆಲ್ಲ ಗೊತ್ತಿದ್ದದ್ದು ಯಾರಿಗೆ?"

ರೇವಣ್ಣ ತಲೆ ತಗ್ಗಿಸಿದ. "ಸಿದ್ದವ್ವನಿಗೆ," ಎಂದ.

ಗುರುಗಳು ಎದ್ದುಹೋದರು.

ಮರುದಿನ ರೇವಣ್ಣ ಒಬ್ಬನೇ ಹೊಳೆ ದಾಟಿದ. ತಂಗೆವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಒಳಗೆ ಸಿದ್ದವ್ವ ಗೋಡೆಗೆ ಮುಖ ಮಾಡಿ ಕಲ್ಲಿನಂತೆ ಕುಳಿತಿದ್ದಳು. ಬೀದಿಯಲ್ಲಿ ಹಲಗೆ ಬಡಿಯುತ್ತಿದ್ದರೂ ಕಿವಿ ಮುಚ್ಚಿಕೊಳ್ಳಲಿಲ್ಲ.

"ತೂಗಾಡುವುದು ನಿಂತಿದೆಯಲ್ಲ, ತಾಯೀ!" ಎಂದ. ಒಂದು ಗಳಿಗೆ ಅವನಿಗೆ ಆಸೆ ಹುಟ್ಟಿತ್ತು.

"ನಿಂತೈತಿ," ಎಂದಳು ತಂಗೆವ್ವ. "ತೂಗಾಡಿದ್ರ ಆಕೀಗೆ ಸಮಾಧಾನ ಆಗ್ತಿತ್ತು. ಅದನ್ನೂ ಕಸಗೊಂಡ್ರಿ. ದಿನಾ ಒಮ್ಮೆ ಅವ್ವಾ ಅಂತಿದ್ಲು. ನನಗ ಅಷ್ಟ ಸಾಕಿತ್ತು, ಯಪ್ಪಾ. ಆಕೀಗೆ ಏನು ಬೇಕಂತ ನಿಮ್ಮೊಳಗ ಒಬ್ಬರಾದ್ರೂ ನನ್ನ ಕೇಳಿದ್ರೇನು?"

ತಂಗೆವ್ವ ಒಳಗೆ ಹೋಗಿ ಅಗುಳಿ ಹಾಕಿದಳು.

ರೇವಣ್ಣ ಹಿಂದಿರುಗಿದಾಗ ಗುರುಗಳು ನೀರಿನ ಬದಿಯಲ್ಲಿ ನಿಂತಿದ್ದರು.

"ಆ ಮಾತು ಮರಳಿ ಬರುತ್ತದೆಯೇ, ಗುರುಗಳೇ?"

"ಬಾರದೆಯೂ ಹೋಗಬಹುದು."

ರೇವಣ್ಣ ಮರಳಿನ ಮೇಲೆ ಕುಸಿದು ಕುಳಿತು ಅತ್ತ. ಗುರುಗಳು ಅವನನ್ನು ಸಮಾಧಾನ ಮಾಡಲಿಲ್ಲ.

"ನಾನೀಗ ಏನು ಮಾಡಲಿ?"

"ಉಳಿದಿಬ್ಬರನ್ನೂ ಕರೆದುಕೊಂಡು ಹೋಗು. ಏನು ಮಾಡಬೇಕೆಂದು ಆ ತಾಯಿಯನ್ನು ಕೇಳಿ."

"ಆಕೆ ಬಾಗಿಲು ತೆರೆಯುವುದಿಲ್ಲ."

"ಹೊರಗೇ ಕುಳಿತಿರಿ. ಸಿದ್ದವ್ವನಿಗಾಗಿ ನೀವು ಮೂವರೂ ಒಂದೆಡೆ ಕುಳಿತದ್ದು ಅದೇ ಮೊದಲಾದೀತು."