ಕಂಪ್ಯೂಟರ್ ಕೇಳಿತು, ಶಂಭು ಹೇಳಿದ

ನಮ್ಮ ಸೀಮೆಯಲ್ಲೇ ಒಂದು ಊರು. ಹೆಸರು ಹೇಳಲ್ಲ, ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರ್ತಾರೆ. ಆ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಹಿಟ್ಟಿನ ಗಿರಣಿ ಪಕ್ಕ, ಸರ್ವಮಂಗಳಮ್ಮನ ಕಂಪ್ಯೂಟರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆ ಕಾರ್ಡು, ತಿಥಿ ಕಾರ್ಡು, ಜೆರಾಕ್ಸು, ಏನು ಬೇಕಾದರೂ ಅಲ್ಲೇ. ಗಂಡ ಹೋದ ಮೇಲೆ ಆಯಮ್ಮ ಒಬ್ಬಳೇ ಕೂತು ಟೈಪು ಮಾಡಿ ಅಂಗಡಿ ನಿಲ್ಲಿಸಿಕೊಂಡಿದ್ದಳು. ಗಟ್ಟಿ ಹೆಂಗಸು. ಊರಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ, ಮಗನ ವಿಷಯ ಒಂದು ಬಿಟ್ಟು.

ಮಗ ಶಂಭು. ಮೀಸೆ ಬಂದಿತ್ತು, ಬುದ್ಧಿ ಬರೋದು ಬಾಕಿ ಇತ್ತು. ಓದೋಕೆ ಬರೋದು, ಬರೆಯೋಕೆ ಬರೋದು, ಕಂಪ್ಯೂಟರಿನ ಗುಂಡಿ ಒತ್ತೋಕೂ ಬರೋದು. ಹೇಳಿದ ಮಾತು ಮೀರೋಕೆ ಮಾತ್ರ ಬರ್ತಿರಲಿಲ್ಲ. ಹಾಲು ಉಕ್ಕೋವರೆಗೂ ಒಲೆ ಮುಂದೆ ನಿಂತಿರು ಅಂದರೆ ನಿಂತಿರೋನು. ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ ಬಂದು, "ಉಕ್ಕಿತವ್ವ" ಅನ್ನೋನು. "ಇದು ಯಾರ ಹೊಟ್ಟೇಲಿ ಹುಟ್ಟಬೇಕಿತ್ತೋ, ನನ್ನ ಹೊಟ್ಟೇಲಿ ಹುಟ್ಟಿತು" ಅಂತ ಆಯಮ್ಮ ಹಣೆ ಚಚ್ಚಿಕೊಳ್ಳೋಳು. ಯಾರೂ ಇಲ್ಲದಾಗ ಚಚ್ಚಿಕೊಳ್ಳೋಳು, ನಾಲ್ಕು ಜನರ ಎದುರಿಗೆ ನಾಚಿಕೆ.

ಹೀಗಿರೋವಾಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳೋಕೆ ಶುರುಮಾಡಿತು. "ಹೊಸ ಸಿಸ್ಟಂ ಬಂದಿದೆ. ಈಗಲೇ ಹಾಕಿಕೊಳ್ಳುವಿರಾ, ಆಮೇಲೆ ನೆನಪಿಸಬೇಕೆ?" ಪೆಟ್ಟಿಗೆ ಅದೇ, ಪರದೆ ಅದೇ, ಒಳಗೆ ಕೂತು ಎಲ್ಲವನ್ನೂ ನಡೆಸೋ ಸಿಸ್ಟಂ ಮಾತ್ರ ಹೊಸದು. ಸರ್ವಮಂಗಳಮ್ಮನಿಗೆ ಅದರ ಮೇಲೆ ಆಸೆಯೂ ಇತ್ತು, ಭಯವೂ ಇತ್ತು.

ಆಸೆ ಯಾಕೆ ಅಂದರೆ, ಊರಿಗೆ ಹೊಸದಾಗಿ ಬಂದಿದ್ದ ಹೈಸ್ಕೂಲಿನ ಹೆಡ್ ಮೇಡಂ ವಿಶಾಲಾಕ್ಷಿ ಹೇಳಿಕಳಿಸಿದ್ದರು. "ಸುತ್ತಲಿನ ಸ್ಕೂಲುಗಳ ಪ್ರಶ್ನೆಪತ್ರಿಕೆ ಎಲ್ಲ ನಿಮ್ಮಲ್ಲೇ ಟೈಪು ಮಾಡಿಸೋಣ ಅಂತಿದೀನಿ. ಆದರೆ ಹಳೇ ಸಿಸ್ಟಂ ಆಗಲ್ಲ, ಅದರೊಳಗೆ ಯಾರು ಬೇಕಾದರೂ ನುಗ್ಗಬಹುದಂತೆ. ಹೊಸದು ಹಾಕಿಸಿದರೆ ಕೆಲಸ ನಿಮಗೇ." ಆ ಕೆಲಸ ಸಿಕ್ಕರೆ ಅಂಗಡಿ ಉಳೀತು, ಇಲ್ಲದಿದ್ದರೆ ಬಾಗಿಲು ಹಾಕೋದೇ. ಮದುವೆ ಕಾರ್ಡನ್ನೂ ಜನ ಈಗ ಮೊಬೈಲಲ್ಲೇ ಕಳಿಸಿಬಿಡ್ತಿದ್ದರು.

ಭಯ ಯಾಕೆ ಅಂದರೆ, ಗಂಡನ ಕಾಲದಿಂದ ಟೈಪು ಮಾಡಿದ್ದೆಲ್ಲ ಹಳೇ ಕನ್ನಡ ಫಾಂಟಿನಲ್ಲಿತ್ತು. ಹೊಸದು ಹಾಕಿದ ಮೇಲೆ ಅದು ತೆರೆಯದೆ ಹೋದರೆ ಏನು ಗತಿ? ಪಕ್ಕದ ತಾಲ್ಲೂಕಿನಲ್ಲಿ ಯಾರಿಗೋ ಹಾಗೇ ಆಗಿ, ಮದುವೆ ಕಾರ್ಡಲ್ಲಿ ಗಂಡು ಹೆಣ್ಣಿನ ಹೆಸರಿನ ಜಾಗದಲ್ಲಿ ಬರೀ ಚೌಕ ಚೌಕ ಡಬ್ಬಿ ಬಂದಿತ್ತಂತೆ. ಹಾಕಿಸೋದಾ, ಬೇಡವಾ? ಬೆಳಿಗ್ಗೆ ಹಾಕಿಸೋಣ ಅನಿಸೋದು, ಮಧ್ಯಾಹ್ನ ಬೇಡಪ್ಪ ಅನಿಸೋದು.

"ಅವ್ವ, ಮತ್ತೆ ಕೇಳ್ತಿದೆ" ಅಂದ ಶಂಭು.

"ಆಮೇಲೆ ಅನ್ನೋ. ಕೇಳಿದಾಗೆಲ್ಲ ಆಮೇಲೆ ಅನ್ನು, ಸುಮ್ಮನಾಗುತ್ತೆ."

ಅವ್ವ ಹೇಳಿದಳು, ಶಂಭು ಕೇಳಿದ. ಆಯಮ್ಮ ಕಾಗದ ತರೋಕೆ ಅಂತ ಪೇಟೆಗೆ ಹೋದಳು. ಅಷ್ಟೊತ್ತಿಗೆ ಕರಿಬೋರಯ್ಯ ಬಂದ. ಅವರಪ್ಪನ ತಿಥಿ ಕಾರ್ಡು ಅಚ್ಚಾಗಿ, ಕಟ್ಟು ಕಟ್ಟಿ, ಮೇಜಿನ ಮೇಲೇ ಇತ್ತು.

"ಕಾರ್ಡು ಕೊಡಪ್ಪ ಶಂಭು."

"ಆಮೇಲೆ."

ಕರಿಬೋರಯ್ಯ ಟೀ ಕುಡಿದು ಬಂದ. "ಈಗ ಕೊಡಪ್ಪ." "ಆಮೇಲೆ." ಬೀಡಿ ಸೇದಿ ಬಂದ. "ಆಮೇಲೆ." ಬಿಸಿಲು ನೆತ್ತಿಗೇರಿತು. "ಅಲ್ಲ ಕಣಯ್ಯ, ಕಣ್ಣಿಗೆ ಕಾಣ್ತಾ ಇದೆ, ಎತ್ತಿ ಕೊಡೋಕೇನು ನಿನಗೆ?" ಅಂದ. ಶಂಭು ನಗುನಗುತ್ತಾ, "ಆಮೇಲೆ ನೆನಪಿಸ್ತೀನಿ" ಅಂದ. ಸರ್ವಮಂಗಳಮ್ಮ ಬರೋ ಹೊತ್ತಿಗೆ ಕರಿಬೋರಯ್ಯ ಬೀದಿಯಲ್ಲಿ ನಿಂತು ಗಂಟಲು ಹರಕೊಳ್ತಿದ್ದ. ಬೀದಿ ಜನ ಎಲ್ಲ ನೋಡ್ತಿದ್ದರು. ಆಯಮ್ಮನೇ ಕೈಮುಗಿದು, ತಪ್ಪಾಯ್ತು ಅಂತ ಹೇಳಿ, ಕಾರ್ಡಿನ ಕಟ್ಟನ್ನ ಅವನ ಗಾಡಿವರೆಗೂ ಹೊತ್ತುಕೊಂಡು ಹೋಗಿ ಇಟ್ಟಳು. ಮುಖ ಎತ್ತಲಿಲ್ಲ.

"ಮಾನ ಕಳೀತೀಯಲ್ಲೋ. ಆಮೇಲೆ ಅನ್ನು ಅಂದಿದ್ದು ಕಂಪ್ಯೂಟರಿಗೆ ಕಣೋ, ಜನಕ್ಕಲ್ಲ. ಏನು ಹೇಳಬೇಕು ಅಂತ ಗೊತ್ತಾಗದೆ ಹೋದರೆ ದೊಡ್ಡೋರನ್ನ ಕೇಳು."

"ಸರಿ ಅವ್ವ."

ಮಾರನೇ ದಿನ ಆಯಮ್ಮ ಹಿಂದೆ ಬಟ್ಟೆ ಒಗೀತಿದ್ದಳು. ಕಂಪ್ಯೂಟರ್ ಮತ್ತೆ ಕೇಳಿತು. ಏನು ಹೇಳಬೇಕು ಅಂತ ಶಂಭುಗೆ ಗೊತ್ತಾಗಲಿಲ್ಲ. ಆ ಬೀದಿಗೆಲ್ಲ ದೊಡ್ಡೋಳು ಅಂದರೆ ಮೂಲೆಮನೆ ನಂಜಜ್ಜಿ. ಕೇಳ್ತಿರೋದು ಕಂಪ್ಯೂಟರ್, ಅದು ಬರದೆ ಹೇಗೆ? ವೈರೆಲ್ಲ ಕಿತ್ತ, ಪರದೆಯನ್ನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡ, ನಡೆದ.

"ಅಜ್ಜಿ, ಇದು ಒಂದು ಮಾತು ಕೇಳ್ತಿದೆ. ಏನು ಹೇಳಲಿ?"

ನಂಜಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ಪರದೆ ಕಪ್ಪಗಿತ್ತು. ತಟ್ಟಿದಳು, ಮಾತಿಲ್ಲ. "ಇನ್ನೇನು ಕೇಳುತ್ತಪ್ಪ, ಹೋಗಿಬಿಟ್ಟಿದೆ" ಅಂದಳು. ಶಂಭು ಗಾಬರಿಯಾಗಿ ದಾರಿಯುದ್ದಕ್ಕೂ ಅಳ್ತಾ ಬಂದ. ಏನಾಯ್ತೋ ಅಂತ ಕೇಳಿದವರಿಗೆಲ್ಲ "ಹೋಗಿಬಿಟ್ಟಿದೆ" ಅಂದ. ಒಂದು ಗಳಿಗೆಯಲ್ಲಿ ಅಂಗಡಿ ಮುಂದೆ ಜನ. ಅಡ್ವಾನ್ಸು ಕೊಟ್ಟವರು ಅಡ್ವಾನ್ಸು ಕೇಳೋಕೆ ಬಂದರು, ಫೋಟೋ ಕೊಟ್ಟವರು ಫೋಟೋ ಕೇಳೋಕೆ ಬಂದರು. ಸರ್ವಮಂಗಳಮ್ಮ ಒದ್ದೆ ಕೈಯಲ್ಲೇ ಓಡಿಬಂದು, ವೈರು ಸಿಕ್ಕಿಸಿ, ಪರದೆ ಬೆಳಗಿಸಿ ತೋರಿಸಬೇಕಾಯಿತು. ನಗೋರು ನಕ್ಕರು. ಗಿರಣಿಯವನಂತೂ, "ಮಗನಿಗೂ ಒಂದು ವೈರು ಸಿಕ್ಕಿಸಮ್ಮ" ಅಂದ. ಆ ಮಾತು ಆಯಮ್ಮನ ಎದೆಗೆ ನಾಟಿತು.

"ನಮ್ಮನೆ ವಿಷಯ ಬೀದೀಲಿ ಹೊತ್ತುಕೊಂಡು ತಿರುಗ್ತಾರೇನೋ? ದೊಡ್ಡ ವಿಷಯ ದೇವರನ್ನ ಕೇಳೋದು. ದೇವರ ಎರಡೂ ಕಡೆ ಒದ್ದೆ ಹೂವು ಅಂಟಿಸಿ, ಕೈಮುಗಿದು ಕೂತರೆ, ಬಲಗಡೆದು ಬಿದ್ದರೆ ಆಗಲಿ ಅಂತ, ಎಡಗಡೆದು ಬಿದ್ದರೆ ಬೇಡ ಅಂತ. ಶುಕ್ರವಾರ ನಾನೇ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿಕೊಂಡು ಬರ್ತೀನಿ. ನೀನು ಬಾಯಿ ಮುಚ್ಚಿಕೊಂಡು ಕೂತಿರು."

ಶುಕ್ರವಾರ ಆಯಮ್ಮ ಅತ್ತ ದೇವಸ್ಥಾನಕ್ಕೆ ಹೋದಳು, ಇತ್ತ ಹೆಡ್ ಮೇಡಂ ಅಂಗಡಿಗೆ ಬಂದರು. ಹೇಳದೆ ಕೇಳದೆ ಬಂದುಬಿಟ್ಟರು. ಕನ್ನಡಕ, ಇಸ್ತ್ರಿ ಮುರಿಯದ ಸೀರೆ, ಕೈಯಲ್ಲಿ ಚೀಲ.

"ಸರ್ವಮಂಗಳಮ್ಮ ಇಲ್ವಾ? ಹೊಸ ಸಿಸ್ಟಂ ಹಾಕಿಸ್ತಾರೋ ಇಲ್ವೋ, ನನಗೊಂದು ತೀರ್ಮಾನ ಬೇಕಿತ್ತು."

ಶಂಭು ಬಾಯಿ ಮುಚ್ಚಿಕೊಂಡೇ ಎದ್ದ. ಕುರ್ಚಿ ತೋರಿಸಿ ಕೂರಿಸಿದ. ಊದುಬತ್ತಿ ಹಚ್ಚಿ ಜೆರಾಕ್ಸ್ ಮೆಷಿನ್ನಿಗೆ ಸಿಕ್ಕಿಸಿದ. ಗಣಪತಿ ಫೋಟೋದಿಂದ ಎರಡು ಸೇವಂತಿಗೆ ಕಿತ್ತು, ಲೋಟದ ನೀರಲ್ಲಿ ಅದ್ದಿ, ಪರದೆಯ ಬಲಕ್ಕೊಂದು ಎಡಕ್ಕೊಂದು ಅಂಟಿಸಿದ. ಕೈಮುಗಿದು ನಿಂತ. ಮೇಡಂ ಕೂತೇ ಇದ್ದರು. ಅವರ ಕೈಯನ್ನೂ ಹಿಡಿದು ಜೋಡಿಸಿದ. ಪಾಪ, ಅವರು ಏನೂ ತೋಚದೆ ಮುಗಿದುಕೊಂಡೇ ಕೂತರು. ಹೂವು ಬೀಳಲಿಲ್ಲ. ದೇವರಿಗೆ ಸೆಕೆ ಇರಬೇಕು ಅಂತ ಶಂಭು ಟೇಬಲ್ ಫ್ಯಾನು ಹಾಕಿದ. ಎರಡು ಹೂವೂ ಎದ್ದು ಹಾರಿ, ನೀರು ಸಮೇತ, ಮೇಡಂ ಕನ್ನಡಕದ ಮೇಲೆ ಬಿದ್ದವು.

ಆಗ ಶಂಭು ಬಾಯಿಬಿಟ್ಟ. "ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ ಮೇಡಂ. ನಿಮ್ಮ ಮೇಲೆ ಬಿದ್ದಿದೆ. ನೀವೇ ಹೇಳಬೇಕಂತೆ."

ಸರಿಯಾಗಿ ಅದೇ ಹೊತ್ತಿಗೆ, ಬಲಗಡೆ ಪ್ರಸಾದವಾಯ್ತು ಅನ್ನೋ ಖುಷಿಯಲ್ಲಿ, ಸರ್ವಮಂಗಳಮ್ಮ ಬಾಗಿಲಿಗೆ ಬಂದಳು. ಕುಂಕುಮ ಹಚ್ಚಿಕೊಂಡ ಮುಖ ಬೂದಿಯಾಯಿತು. ಮೇಡಂ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಳ್ತಾ, "ಯಾರು ಇವನು?" ಅಂದರು.

ಇಂಥ ಹೊತ್ತಲ್ಲಿ ಮನುಷ್ಯರ ನಾಲಿಗೆ ಯಾವ ಕಡೆ ಹೊರಳುತ್ತೋ ಯಾರು ಕಂಡಿದಾರೆ. ಅಂಗಡಿ ಹೋಗುತ್ತೆ ಅನ್ನೋ ಭಯ, ಮಾನ ಹೋಯಿತು ಅನ್ನೋ ನಾಚಿಕೆ. ಆಯಮ್ಮ ಅಂದಳು, "ಯಾರೂ ಅಲ್ಲ ಮೇಡಂ. ಕಸ ಗುಡಿಸೋಕೆ ಇಟ್ಟುಕೊಂಡಿರೋನು. ನಮ್ಮೋನಲ್ಲ."

ಶಂಭು ಅಲ್ಲೇ ಇದ್ದ. ಕೇಳಿಸಿಕೊಂಡ.

"ಸೋಮವಾರ ಪ್ರಶ್ನೆಪತ್ರಿಕೆ ತರ್ತೀನಿ. ಅಷ್ಟರೊಳಗೆ ಹೊಸದು ಹಾಕಿಸಿರಿ" ಅಂತ ಮೇಡಂ ಎದ್ದು ಹೋದರು. ತಿರುಗಿ ನೋಡಿದರೆ ಶಂಭು ಪೊರಕೆ ಹಿಡಿದು ಗುಡಿಸ್ತಿದ್ದ. ಆಯಮ್ಮ ಪೊರಕೆ ಕಿತ್ತುಕೊಳ್ಳೋಕೆ ಅಂತ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಅಂದಳು, "ನೋಡು, ಅಂದಿದ್ದಾಗಿದೆ. ಇನ್ಮೇಲೆ ಯಾರು ಕೇಳಿದರೂ ನನ್ನ ಮಗ ಅನ್ನಬೇಡ. ಅವ್ವ ಅಂತ ಕರೀಬೇಡ. ಕೆಲಸದೋನು ಅನ್ನು, ಸಾಕು."

"ಸರಿ ಅವ್ವ."

"ಈಗ್ಲೇ ಅಂದೆಯಲ್ಲೋ."

"ಸರಿ ಅಮ್ಮಾವ್ರೇ."

ಅವತ್ತು ರಾತ್ರಿ ಊಟಕ್ಕೆ ಕರೆದರೆ ಒಳಗೆ ಬರಲಿಲ್ಲ. ಹೊಸಿಲಾಚೆ ಕೂತು ತಟ್ಟೆ ಚಾಚಿದ. ಉಂಡು, ತಟ್ಟೆ ತೊಳೆದಿಟ್ಟು, ಅಂಗಡಿಯಲ್ಲೇ ಪೇಪರ್ ಹಾಸಿಕೊಂಡು ಮಲಗಿದ. ಬಾರೋ ಒಳಗೆ ಅಂತ ಕರೆಯೋಕೆ ಆಯಮ್ಮ ಹೊಸಿಲವರೆಗೆ ಬಂದಳು. ಸೋಮವಾರ ಒಂದು ಕಳೀಲಿ, ಅಲ್ಲೀವರೆಗೆ ಎಡವಟ್ಟು ಮಾಡದೆ ಇದ್ದರೆ ಸಾಕು ಅಂತ ಹಿಂತಿರುಗಿದಳು. ಸುಮ್ಮನೆ ಹೇಳಬಾರದು, ಅವಳಿಗೆ ಒಂದು ಕಡೆಯಿಂದ ಅನುಕೂಲವಾಗಿಯೂ ಕಂಡಿತು.

ಶನಿವಾರ ರಿಪೇರಿ ನಾಗಭೂಷಣ ಬಂದ. ಹಳೇದೆಲ್ಲವನ್ನೂ ಒಂದು ಡಿಸ್ಕಿಗೆ ಕಾಪಿ ಮಾಡಿಟ್ಟುಕೊಂಡು, ಹೊಸ ಸಿಸ್ಟಂ ಶುರುಮಾಡಿ, "ಇದು ನಿಧಾನಕ್ಕಾಗುತ್ತೆ, ಟೀ ಕುಡಿದು ಬರ್ತೀನಿ. ಏನಾದರೂ ಕೇಳಿದರೆ ಒತ್ತು ಶಂಭು, ನಿನಗೆ ಗೊತ್ತಿರೋದೇ ಕೇಳುತ್ತೆ" ಅಂತ ಹೋದ.

ಕೇಳಿತು. "ಈ ಕಂಪ್ಯೂಟರಿನಲ್ಲಿ ಇಬ್ಬರ ಹೆಸರಿದೆ, ಸರ್ವಮಂಗಳ ಮತ್ತು ಶಂಭು. ಇಬ್ಬರನ್ನೂ ಮನೆಯವರಾಗಿ ಉಳಿಸಬೇಕೆ?" ಶಂಭು ತನ್ನ ಹೆಸರಿನ ಮುಂದೆ ಬೇಡ ಅಂತ ಒತ್ತಿದ. "ತೆಗೆದರೆ ಶಂಭು ಅವರದೆಲ್ಲ ಅಳಿಸಿಹೋಗುತ್ತದೆ. ಖಚಿತವೇ?" ಹೌದು ಅಂತ ಒತ್ತಿದ. ಅದು ಯಂತ್ರವಾದರೂ ಇನ್ನೊಂದು ಸಲ ಕೇಳಿತು. ಹೆತ್ತವಳು ಒಂದೇ ಸಲಕ್ಕೆ ಅಂದುಬಿಟ್ಟಿದ್ದಳು.

ಸಾಯಂಕಾಲಕ್ಕೆ ಕೆಲಸ ಮುಗಿಯಿತು. ಹಳೇ ಫಾಂಟು ಚೆನ್ನಾಗಿಯೇ ತೆರೆಯಿತು. ಗಂಡ ಮಾಡಿದ ಕಾರ್ಡೆಲ್ಲ ಒಂದಕ್ಷರ ಕೆಡದೆ ಬಂತು. ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಅಂತ ಆಯಮ್ಮ ಉಸಿರು ಬಿಟ್ಟಳು. ಆಗ ನಾಗಭೂಷಣ, "ಮಗನ ಹೆಸರು ಯಾಕಮ್ಮ ತೆಗೆಸಿದಿರಿ?" ಅಂದ. ಆಯಮ್ಮ ಕಾಫಿ ತರ್ತೀನಿ ಅಂತ ಒಳಗೆ ಹೋದವಳು ಅವನು ಹೊರಡೋವರೆಗೂ ಬರಲಿಲ್ಲ.

ಬಂದಮೇಲೆ ಬೈದಳು. ಯಾರನ್ನು ಬೈಬೇಕು ಅಂತ ತಿಳೀದೆ ಶಂಭುವನ್ನೇ ಬೈದಳು. "ಕೇಳಿದ್ದಕ್ಕೆಲ್ಲ ಏನಾದರೊಂದು ಒತ್ತಿಬಿಡ್ತೀಯಲ್ಲೋ. ಇನ್ಮೇಲೆ ಯಾರೇ ಏನೇ ಕೇಳಲಿ, ಇದ್ದದ್ದು ಇದ್ದ ಹಾಗೆ ಹೇಳು. ಒಂದು ಮಾತು ಸೇರಿಸಬೇಡ, ಒಂದು ಮಾತು ಬಿಡಬೇಡ."

"ಸರಿ ಅಮ್ಮಾವ್ರೇ."

ಸೋಮವಾರ ಹೆಡ್ ಮೇಡಂ ಬಂದರು. ಹೊಸ ಸಿಸ್ಟಂ ನೋಡಿದರು, ಅದು ಇದು ಒತ್ತಿಸಿ ನೋಡಿದರು, ತಲೆದೂಗಿದರು. ಚೀಲದಿಂದ ಪ್ರಶ್ನೆಪತ್ರಿಕೆಯ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಸರ್ವಮಂಗಳಮ್ಮನಿಗೆ ಅಂಗಡಿ ಉಳಿಯಿತು ಅನ್ನಿಸಿತು. ಬಾಗಿಲ ಪಕ್ಕ ಶಂಭು ಪೊರಕೆ ಹಿಡಿದು ನಿಂತಿದ್ದ. ಜೆರಾಕ್ಸಿಗೆ ಬಂದ ನಾಲ್ಕು ಜನವೂ ಇದ್ದರು.

"ಪ್ರಶ್ನೆಪತ್ರಿಕೆ ಇರೋ ಜಾಗ. ಕೆಲಸದೋರು ಯಾರು, ಎಲ್ಲಿಯೋರು ಅಂತ ನನಗೂ ಗೊತ್ತಿರಬೇಕು" ಅಂದ ಮೇಡಂ ಅವನ ಕಡೆ ತಿರುಗಿದರು. "ನಿನ್ನ ಮನೆ ಎಲ್ಲಪ್ಪ?"

"ಇಲ್ಲೇ ಹಿಂದೆ ಇತ್ತು ಮೇಡಂ. ಶುಕ್ರವಾರದವರೆಗೆ."

"ಈಗ ಎಲ್ಲಿ?"

"ಈಗ ಗೊತ್ತಿಲ್ಲ. ಅಮ್ಮಾವ್ರು ಹೇಳಿಲ್ಲ."

"ಅಪ್ಪ ಅಮ್ಮ ಇಲ್ವಾ?"

"ಅಪ್ಪ ತೀರ್ಕೊಂಡ್ರು. ಅವ್ವ ಇದ್ದಳು."

"ಇದ್ದಳು ಅಂದರೆ?"

"ಶುಕ್ರವಾರ ಆದಮೇಲೆ ಇಲ್ಲ."

ಜೆರಾಕ್ಸಿಗೆ ಬಂದವರಿಗೆಲ್ಲ ಅವನು ಯಾರ ಮಗ ಅಂತ ಗೊತ್ತು. ಎಲ್ಲರೂ ಸರ್ವಮಂಗಳಮ್ಮನ ಮುಖ ನೋಡಿದರು. ಇಷ್ಟು ವರ್ಷ ಮಗನಿಗಾಗಿ ನಾಚಿಕೊಂಡಿದ್ದಳಲ್ಲ, ಆ ನಾಚಿಕೆ ಇದರ ಮುಂದೆ ಏನೂ ಅಲ್ಲ. ಕುರ್ಚಿ ಹಿಡಿದುಕೊಂಡು ಎದ್ದಳು.

"ನನ್ನ ಮಗ ಮೇಡಂ ಅವನು. ನಾನು ಹೆತ್ತ ಮಗ. ನಿಮ್ಮ ಎದುರಿಗೆ ನಾಚಿಕೆಯಾಗಿ ಅವತ್ತು ಸುಳ್ಳು ಹೇಳಿಬಿಟ್ಟೆ."

ಮೇಡಂ ಕಟ್ಟಿನ ಮೇಲೆ ಕೈಯಿಟ್ಟರು. "ಮಕ್ಕಳ ಪರೀಕ್ಷೆ ವಿಷಯ ಅಮ್ಮ. ಹೆತ್ತ ಮಗನ ವಿಷಯದಲ್ಲೇ ಸುಳ್ಳು ಹೇಳಿದವರ ಹತ್ರ ಇದನ್ನ ಹೇಗೆ ಬಿಟ್ಟು ಹೋಗಲಿ, ನೀವೇ ಹೇಳಿ."

ಕಟ್ಟು ಮೇಜಿನಿಂದ ಎದ್ದಿದ್ದನ್ನ ಶಂಭು ನೋಡಿದ. ಅವ್ವನ ಕಣ್ಣಲ್ಲಿ ನೀರು ನೋಡಿದ. ಕೆಲಸ ಹೋಗ್ತಿದೆ, ಅಮ್ಮಾವ್ರನ್ನ ಸುಳ್ಳುಗಾರ್ತಿ ಅಂತಿದಾರೆ, ಇಷ್ಟು ಅವನಿಗೂ ತಿಳಿಯಿತು. ಜನ್ಮದಲ್ಲಿ ಮೊದಲನೇ ಸಲ ಯಾರೂ ಹೇಳಿಕೊಡದೆ ಮುಂದೆ ಬಂದ. ಪೊರಕೆ ಕೆಳಗಿಟ್ಟು, ಮೇಡಂ ಮುಂದೆ ಕೈಮುಗಿದ.

"ಅಮ್ಮಾವ್ರು ಸುಳ್ಳು ಹೇಳೋರಲ್ಲ ಮೇಡಂ. ಅವತ್ತು ಅಲ್ಲ ಅಂದರು, ಅಂದಮೇಲೆ ನಾನು ಅವರ ಮಗ ಅಲ್ಲ. ಬೇಕಾದರೆ ಇದರಲ್ಲೇ ನೋಡಿ" ಅಂತ ಹೆಸರಿನ ಪಟ್ಟಿ ತೆರೆದು ಪರದೆಯನ್ನ ಅವರ ಕಡೆ ತಿರುಗಿಸಿದ.

ಮನೆಯವರು ಅಂತ ಇದ್ದ ಕಡೆ ಒಂದೇ ಹೆಸರಿತ್ತು. ಮೇಡಂ ಓದಿದರು, ಕಟ್ಟನ್ನ ಚೀಲಕ್ಕೆ ಹಾಕಿಕೊಂಡು ಹೊರಟರು. ಅವ್ವನನ್ನ ಕಾಪಾಡಿದೆ ಅಂತ ಶಂಭು ಅವಳ ಮುಖ ನೋಡಿ ನಕ್ಕ. ಆಯಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು.