ಕಾಶಿಯಾತ್ರೆಗೆ ಹೊರಟೇಬಿಟ್ಟ ಮದುಮಗ

"ಗುರುಗಳೇ, ದಾರಿ ತಪ್ಪಿದ ಮಗನನ್ನು ತಂದೆ ಹೇಗೆ ಹಿಂದಕ್ಕೆ ತರಬೇಕು?" ಎಂದು ಶೇಷಗಿರಿ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ, ಸಂಸಾರಸ್ಥ. ಮಗನ ಲಗ್ನಪತ್ರಿಕೆಯನ್ನು ಗುರುಗಳ ಮುಂದಿಟ್ಟು ಮಂತ್ರಾಕ್ಷತೆಗೆ ಕೈಯೊಡ್ಡಿದ್ದ.

"ಏನು ದಾರಿ ತಪ್ಪಿದ? ಕದ್ದನೇ? ಯಾರದಾದರೂ ಮನೆ ಮುರಿದನೇ?"

"ಅಯ್ಯೋ, ಅಂಥದ್ದೇನಿಲ್ಲ. ಹೆಣ್ಣಿನ ಮೇಲೆ ಮನಸ್ಸಿಲ್ಲವಂತೆ. ಒಬ್ಬ ಗಂಡಸನ್ನು ಪ್ರೀತಿಸುತ್ತಾನಂತೆ, ಬಾಳಿದರೆ ಅವನ ಜೊತೆಗೇ ಅಂತೆ. ಹೆಣ್ಣು ನೋಡುವ ಮಾತೆತ್ತಿದಾಗ ನನ್ನೆದುರು ಕೂತು ಹೇಳಿದ. ಅವನ ತಾಯಿ ಅತ್ತು ಅತ್ತು ಸೊರಗಿದ್ದಾಳೆ. ಮದುವೆಯೊಂದು ಆಗಿಬಿಟ್ಟರೆ ಸರಿಹೋಗುತ್ತಾನೆ. ತಾವು ಹರಸಬೇಕು."

ಗುರುಗಳು ಅಕ್ಷತೆಯ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹರಸುವುದು ಆಮೇಲೆ. ಮೊದಲು ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬನೇ ಮಗ. ಮದುವೆಯ ಮಾತು ಬಂದಾಗ ಮಗ ತಂದೆತಾಯಿಯ ಮುಂದೆ ನಿಂತು, "ನನಗೆ ಹೆಣ್ಣು ನೋಡಬೇಡಿ. ಆಚೆ ದಡದ ಅಂಬಿಗನಿಗೆ ಮನಸ್ಸು ಕೊಟ್ಟಿದ್ದೇನೆ. ಅವನೂ ನನಗೆ ಕೊಟ್ಟಿದ್ದಾನೆ" ಎಂದ. ತಾಯಿ ಅತ್ತಳು. ವರ್ತಕ ನಕ್ಕ. "ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ" ಎಂದು ಗಾದೆ ಹೇಳಿದ. ಗಾದೆಯೊಂದು ಬಾಯಿಗೆ ಬಂದರೆ ಸಾಕು, ನಿಮ್ಮಂಥವರಿಗೆ ಯೋಚನೆ ಮಾಡುವ ಕಷ್ಟ ತಪ್ಪುತ್ತದೆ. ಪಕ್ಕದೂರಿನ ಒಬ್ಬ ರೈತನ ಮಗಳನ್ನು ಗೊತ್ತುಮಾಡಿದ. ಮಗ ಆಡಿದ ಮಾತನ್ನು ರೈತನಿಗೆ ತಿಳಿಸಲಿಲ್ಲ.

ನಮ್ಮ ಮದುವೆಗಳಲ್ಲಿ ಕಾಶಿಯಾತ್ರೆಯ ಶಾಸ್ತ್ರವಿದೆ. ನಿನಗೂ ಮಾಡಿಸಿದ್ದಾರೆ. ಮುಹೂರ್ತಕ್ಕೆ ಮೊದಲು ಮದುಮಗ ಕೊಡೆ ಹಿಡಿದು, ಅಕ್ಕಿಬೇಳೆಯ ಗಂಟನ್ನು ಹೆಗಲಿಗೇರಿಸಿ, ತನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡಬೇಕು. ಹೆಣ್ಣಿನ ತಂದೆ ಅಡ್ಡ ಬಂದು, ತೆಂಗಿನಕಾಯಿ ಕೊಟ್ಟು, ನನ್ನ ಮಗಳ ಕೈ ಹಿಡಿ ಎಂದು ಬೇಡಬೇಕು. ಇವನು ತಿರುಗಬೇಕು. ನೆರೆದವರು ನಗಬೇಕು. ಇಡೀ ಮದುವೆಯಲ್ಲಿ ಗಂಡಿಗೆ ಬೇಡ ಎನ್ನಲು ಬಿಡುವುದು ಅದೊಂದೇ ಗಳಿಗೆ, ಅದೂ ತಮಾಷೆಗೆ.

ವರ್ತಕನ ಮಗ ಹೊರಟ. ರೈತ ಅಡ್ಡ ಬಂದು ಕಾಯಿ ನೀಡಿದ. ಹುಡುಗ ಅದನ್ನು ಮುಟ್ಟಲಿಲ್ಲ.

"ಯಜಮಾನರೇ, ನಾನು ಶಾಸ್ತ್ರಕ್ಕೆ ಹೊರಟಿಲ್ಲ, ನಿಜವಾಗಿ ಹೊರಟಿದ್ದೇನೆ. ನನ್ನ ಮನಸ್ಸು ಒಬ್ಬ ಗಂಡಸಿನ ಹತ್ತಿರ ಇದೆ. ನಿಮ್ಮ ಮಗಳಿಗೆ ತಾಳಿ ಕಟ್ಟಬಲ್ಲೆ, ಗಂಡನಾಗಲಾರೆ. ಮನೆಯಲ್ಲಿ ಹೇಳಿದೆ. ನಕ್ಕುಬಿಟ್ಟರು."

ಅಲ್ಲಿದ್ದವರೂ ನಕ್ಕರು. ಏನು ಚೆನ್ನಾಗಿ ಆಡುತ್ತಾನಪ್ಪ ಎಂದು ಹೆಂಗಸರು ಮೆಚ್ಚಿಕೊಂಡರು. ರೈತ ಮಾತ್ರ ನಗಲಿಲ್ಲ. ಹುಡುಗನ ಮುಖದಲ್ಲಿ ತಮಾಷೆಯ ಸುಳಿವೂ ಇಲ್ಲದಿದ್ದುದು ಅವನಿಗೆ ಕಾಣುತ್ತಿತ್ತು. ಅವನು ವರ್ತಕನ ಕಡೆ ತಿರುಗಿ, "ಇದು ನಿಮಗೆ ಗೊತ್ತಿತ್ತೇ?" ಎಂದು ಕೇಳಿದ.

"ಹುಡುಗು ಬುದ್ಧಿ, ಬಿಡಿ ಬೀಗರೇ. ತಾಳಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ."

"ನನ್ನ ಮಗಳೇನು ನಿಮ್ಮ ಮಗನಿಗೆ ಕುಡಿಸುವ ಕಷಾಯವೇ?"

ರೈತ ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕಕ್ಕೆ ಸರಿದ. "ಹೋಗಪ್ಪಾ, ಈಗಲಾದರೂ ಹೇಳಿದೆ" ಎಂದ. ಗಲಾಟೆ ಕೇಳಿ ಹೊರಗೆ ಬಂದ ಮದುಮಗಳಿಗೆ ವಿಷಯ ತಿಳಿಯಿತು. ಅವಳು ಹಣೆಯ ಬಾಸಿಂಗವನ್ನು ತಾನೇ ಬಿಚ್ಚಿ, "ಅಡುಗೆ ಆರುತ್ತಿದೆ, ಬಂದವರಿಗೆ ಎಲೆ ಹಾಕಿಸಪ್ಪಾ" ಎಂದಳು. ಎಂಥ ಹುಡುಗಿ ನೋಡು! ಅವಳನ್ನು ಈ ವರ್ತಕ ಬಾವಿಗೆ ತಳ್ಳಲು ಹೊರಟಿದ್ದ.

ವರ್ತಕನಿಗೆ ಊರೆಲ್ಲ ತನ್ನನ್ನೇ ನೋಡುತ್ತಿದೆ ಎನಿಸಿತು. "ಇನ್ನೊಂದು ಹೆಜ್ಜೆ ಇಟ್ಟರೆ ನನ್ನ ಪಾಲಿಗೆ ನೀನು ಸತ್ತೆ" ಎಂದು ಕೂಗಿದ. ಮಗ ನಿಂತಲ್ಲಿಂದಲೇ ತಂದೆಗೆ ಕೈಮುಗಿದು ನಡೆದ.

ಆಗ ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

"ನನ್ನ ಮಗ ಸುಳ್ಳಾಡುವವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಿರಿ. ನಿಜ ಹೇಳಿದ ಕೂಡಲೇ ಸತ್ತುಹೋದನೇ? ನಿಮ್ಮ ಪಾಲಿಗೆ ಹೇಗಾದರೂ ಇರಲಿ, ನನಗೆ ಅವನು ಬದುಕಿರಬೇಕು. ಆ ಅಂಬಿಗ ಯಾರೋ ಏನೋ, ನಾನೂ ನೋಡಿಲ್ಲ. ನೋಡಬೇಕು" ಎಂದಳು.

ಅವಳ ಮನಸ್ಸು ಒಪ್ಪಿತ್ತು ಎಂದು ತಿಳಿಯಬೇಡ. ದಾರಿಯುದ್ದಕ್ಕೂ ಅವಳಿಗೆ ಸಂಕಟವೇ ಇತ್ತು, ಯಾರ ಕಣ್ಣು ಬಿತ್ತೋ ಎಂದು ಗೊಣಗಿಕೊಳ್ಳುತ್ತಲೇ ಇದ್ದಳು. ಆದರೂ ಮಗನ ಪಕ್ಕದಲ್ಲಿ ನಡೆದಳು. ಇತ್ತ ಚಪ್ಪರದಲ್ಲಿ ವರ್ತಕನಿಗೂ ಒಂದು ಎಲೆ ಹಾಕಿದರು. ಅವನಿಗೆ ತುತ್ತು ಇಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶೇಷಗಿರಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಗುರುಗಳೇ, ಆ ಹುಡುಗ ಗಟ್ಟಿಗ. ನನ್ನ ಮಗ ಹಾಗಲ್ಲ, ಬರೀ ಪುಕ್ಕಲ. ಚಿಕ್ಕಂದಿನಿಂದಲೂ ನನ್ನ ಮುಂದೆ ಬಾಯಿ ಬಿಡಲು ನಡುಗುತ್ತಾನೆ. ಹಾಗೆಲ್ಲ ಎದ್ದು ಹೋಗುವವನಲ್ಲ. ನಾನು ಗದರಿಸಿದರೆ ತಾಳಿ ಕಟ್ಟುತ್ತಾನೆ" ಎಂದ.

ಗುರುಗಳು ಲಗ್ನಪತ್ರಿಕೆಯನ್ನು ಎತ್ತಿ ಅವನ ಕೈಗೇ ವಾಪಸು ಕೊಟ್ಟರು.

"ಅಷ್ಟು ಹೆದರುವವನು ನಿನ್ನೆದುರು ಕೂತು ನಿಜ ಹೇಳಿದನಲ್ಲ ಶೇಷಗಿರಿ, ಯಾರನ್ನು ನಂಬಿ ಹೇಳಿದ?"